ಚಳಿಯ ಬೆಳಗಿನಲ್ಲಿ ನಿಂತುಹೋಗುತ್ತಿದ್ದ ಕಾರು

ಆ ಕಾರು ಕೆಡುತ್ತಿದ್ದದ್ದು ಬೆಳಗಿನ ಜಾವ ಮಾತ್ರ. ಮಧ್ಯಾಹ್ನ ಯಾರಿಗೆ ತೋರಿಸಿದರೂ ಹೊಟ್ಟೆ ತುಂಬಿದ ಮಗುವಿನ ಹಾಗೆ ಒಂದೇ ಸಮನೆ ಗುನುಗುತ್ತ ನಿಂತಿರುತ್ತಿತ್ತು. ‘ಎಲ್ಲಿ, ಏನಾಗಿದೆ ಇದಕ್ಕೆ?’ ಎಂದು ಅವರು ನನ್ನ ಮುಖ ನೋಡುವರು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮನುಷ್ಯರು ಸುಳ್ಳು ಹೇಳಿದರೆ ಬೈಯಬಹುದು, ತಿರುಗಿ ಬೈಸಿಕೊಳ್ಳಬಹುದು. ಕಾರು ಸುಳ್ಳು ಹೇಳಿದರೆ ಏನು ಮಾಡುವುದು? ಟೈರಿಗೆ ಒದ್ದರೆ ಕಾಲು ನೋಯುತ್ತದೆ, ಅಷ್ಟೆ. ಒದ್ದೂ ನೋಡಿದ್ದೇನೆ.

ಹೊಸ ಶತಮಾನ ಶುರುವಾಗಿ ಕೆಲವು ವರ್ಷ ಕಳೆದಿದ್ದ ಕಾಲ. ನಮ್ಮ ಮನೆ ಅರಸೀಕೆರೆಯಲ್ಲಿ. ಅಪ್ಪನದು ಕೊಬ್ಬರಿ ವ್ಯಾಪಾರ, ಹಿತ್ತಲಲ್ಲೇ ಒಂದು ಸಣ್ಣ ಎಣ್ಣೆ ಗಾಣ. ನಾನು ಬೇಲೂರಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಜಾವಗಲ್, ಹಳೇಬೀಡು ಮೇಲೆ ಹೋಗುವ ಬಸ್ಸಿನಲ್ಲಿ ದಿನದ ಓಡಾಟ. ಮದುವೆ ಆಗಿರಲಿಲ್ಲ, ಆಗಬೇಕೆಂಬ ಆತುರವೂ ಇರಲಿಲ್ಲ. ಮನೆಯಲ್ಲಿ ಅಪ್ಪ, ಅವ್ವ, ನಾನು, ಮೂವರೇ. ಅವ್ವನ ಎರಡೂ ಕಿಡ್ನಿಗಳು ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಬೇಕಿತ್ತು. ನಮಗೆ ಸಿಕ್ಕಿದ್ದು ಬೆಳಗಿನ ಮೊದಲ ಸರದಿ. ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಕಾದು ಕುಳಿತ ಇನ್ನೊಬ್ಬರನ್ನು ಆ ಯಂತ್ರಕ್ಕೆ ಹಾಕುತ್ತಿದ್ದರು. ಅದರಲ್ಲಿ ತಪ್ಪೇನಿಲ್ಲ, ಅವರದೂ ಜೀವವೇ. ಆದರೆ ಒಂದು ಸಲ ತಪ್ಪಿದರೆ ಸಾಕು, ಅವ್ವನ ಕಾಲುಗಳು ಊದಿಕೊಳ್ಳುತ್ತಿದ್ದವು. ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂತು ಬೆಳಗು ಮಾಡುತ್ತಿದ್ದಳು. ಎರಡು ಸಲ ಸಾಲಾಗಿ ತಪ್ಪಿದರೆ ಏನಾಗುತ್ತದೆ ಎಂದು ಡಾಕ್ಟರು ಬಾಯಿಬಿಟ್ಟು ಹೇಳಿರಲಿಲ್ಲ. ‘ತಪ್ಪಿಸಬೇಡಿ’ ಎಂದಷ್ಟೇ ಅಂದಿದ್ದರು, ಅವರು ಅಂದ ರೀತಿಯಲ್ಲೇ ನಮಗೆ ಅರ್ಥವಾಗಿತ್ತು.

ಬಸ್ಸಿನಲ್ಲಿ ಹೋಗಿ ನೋಡಿದ್ದೆವು. ಹೋಗುವಾಗ ಹೇಗೋ ಆಯಿತು. ಬರುವಾಗ ಹಾರನಹಳ್ಳಿ ಹತ್ತಿರ ಅವ್ವ ಸೀಟಿನಿಂದ ಜಾರಿ ಕೆಳಗೆ ಬಿದ್ದಳು. ಬಾಡಿಗೆ ಕಾರು ಹೇಳೋಣವೆಂದರೆ ಚಳಿಗಾಲ ಬಂತೆಂದರೆ ಊರಿನ ಗಾಡಿಗಳೆಲ್ಲ ಶಬರಿಮಲೆಗೆ ಮುಖ ಮಾಡಿರುತ್ತಿದ್ದವು. ಒಂದು ಸಲ ಬಂದವನು ಮುಂದಿನ ಸಲ, ‘ಸ್ವಾಮಿಗಳ್ನ ಕರ್ಕೊಂಡ್ ಹೊಂಟಿದೀನಿ ಅಕ್ಕಾ’ ಎಂದು ಫೋನು ಇಡುವನು. ಅಪ್ಪನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಹಾಗಾಗಿ ನಮಗೆ ಗತಿ ಎಂದರೆ ಅಪ್ಪ ಬೆಂಗಳೂರಿನ ಯಾರಿಂದಲೋ ಕೊಂಡುತಂದಿದ್ದ ಆ ಹಳೆಯ ಬಿಳಿ ಪೆಟ್ರೋಲ್ ಕಾರು, ಮತ್ತು ಅದನ್ನು ಓಡಿಸಲು ನಾನು.

ವಾಲ್ವುಗಳ ಕಥೆ ಶುರುವಾದದ್ದು ಹೊಗೆ ತಪಾಸಣೆಯಿಂದ. ನವರಾತ್ರಿಯಲ್ಲಿ ತಪಾಸಣೆಗೆ ಹೋದಾಗ ಅಲ್ಲಿದ್ದವನು ಸೈಲೆನ್ಸರಿಗೆ ಕೊಳವೆ ತೂರಿಸಿ ನೋಡಿ, ‘ಹೊಗೆ ಜಾಸ್ತಿ ಐತೆ ಮೇಡಂ, ಸ್ಟಿಕ್ಕರ್ ಕೊಡಕ್ಕಾಗಲ್ಲ. ಹೊಗೆ ವಾಲ್ವ್ ಕ್ಲೀನ್ ಮಾಡ್ಸ್ಕೊಂಡ್ ಬನ್ನಿ’ ಅಂದ. ಮಾಡಿಸುವುದೇನು, ನಾನೇ ಮಾಡುತ್ತೇನೆ ಎಂದು ಮನೆಗೆ ಬಂದೆ. ಮಕ್ಕಳಿಗೆ ಎಂಜಿನ್ನಿನ ಚಿತ್ರ ಬರೆಸುವವಳು ಬಾನೆಟ್ ಎತ್ತಲು ಹೆದರಿದರೆ ಹೇಗೆ?

ಆ ಕಾರಿನಲ್ಲಿ ಅಂಥ ವಾಲ್ವುಗಳು ಎರಡು. ಒಂದು ದೊಡ್ಡದು, ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ತಿರುಗಿ ಎಂಜಿನ್ನಿಗೇ ಕಳಿಸುವಂಥದ್ದು. ಅದರ ಬಾಯಿಗೆ ದೋಸೆ ಹಂಚಿನ ತಳದಷ್ಟು ಮಸಿ ಕಟ್ಟಿತ್ತು. ಇನ್ನೊಂದು ಹೆಬ್ಬೆರಳು ಗಾತ್ರದ್ದು, ಎಂಜಿನ್ನಿನ ತಲೆಯ ಮೇಲೆ ರಬ್ಬರಿನ ತೂತಿನಲ್ಲಿ ಕೂತಿರುತ್ತದೆ. ಎಂಜಿನ್ನಿನ ಹೊಟ್ಟೆಯೊಳಗೆ ಸೇರಿಕೊಳ್ಳುವ ಹಬೆಯನ್ನು ಹೊರಗೆ ಬಿಡದೆ ಲೆಕ್ಕವಾಗಿ ಒಳಗೇ ಎಳೆಸಿ ಸುಡಿಸುವುದು ಅದರ ಕೆಲಸ. ಒಳಗೊಂದು ಪುಟ್ಟ ಕಡ್ಡಿ ಹಿಂದೆ ಮುಂದೆ ಆಡುತ್ತಿರಬೇಕು. ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿದರೆ ಟಕಟಕ ಎಂದರೆ ಸರಿಯಿದೆ, ಸದ್ದಿಲ್ಲದಿದ್ದರೆ ಸಿಕ್ಕಿಕೊಂಡಿದೆ ಎಂದರ್ಥ. ಸಿಕ್ಕಿಕೊಂಡರೆ ಎಂಜಿನ್ನಿಗೆ ಸೇರಬೇಕಾದ ಗಾಳಿ ಸೇರುವುದಿಲ್ಲ. ಆಕ್ಸಿಲರೇಟರ್ ಒತ್ತಿರುವಷ್ಟು ಹೊತ್ತು ಹೇಗೋ ಓಡುತ್ತದೆ, ಕಾಲು ತೆಗೆದರೆ ಕೆಮ್ಮಿ ಸಾಯುತ್ತದೆ. ಎರಡನ್ನೂ ಪೆಟ್ರೋಲಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಜಗಲಿಯ ಮೇಲೆ ಬಿಸಿಲಿಗೆ ಒಣಗಲು ಇಟ್ಟೆ.

ಅವತ್ತು ಆಯುಧಪೂಜೆಯ ಹಿಂದಿನ ದಿನ. ನಮ್ಮಂಥ ಮನೆಗಳಲ್ಲಿ ಆ ದಿನ ಕಬ್ಬಿಣ ಎಂದು ಕರೆಸಿಕೊಳ್ಳುವ ಯಾವುದೂ ಎಣ್ಣೆ ಕಾಣದೆ ಉಳಿಯುವುದಿಲ್ಲ. ಕಾಯಿ ಸುಲಿಯುವ ಈಟಿ, ತಕ್ಕಡಿ, ಗಾಣದ ಅಚ್ಚು, ಅವ್ವನ ಹೊಲಿಗೆ ಯಂತ್ರ, ಈಳಿಗೆಮಣೆ, ಬೀರುವಿನ ಬೀಗ, ಎಲ್ಲವನ್ನೂ ಅಪ್ಪ ತಮ್ಮ ಕೈಯಾರೆ ತೊಳೆದು, ಒರೆಸಿ, ನಮ್ಮದೇ ಗಾಣದ ಕೊಬ್ಬರಿ ಎಣ್ಣೆ ಸವರಿ, ವಿಭೂತಿ ಎಳೆದು ಸಾಲಾಗಿ ಇಡುತ್ತಿದ್ದರು. ಅಪ್ಪನ ಪ್ರಕಾರ ಕೊಬ್ಬರಿ ಎಣ್ಣೆಗೆ ವಾಸಿಯಾಗದ್ದು ಲೋಕದಲ್ಲಿ ಏನೂ ಇರಲಿಲ್ಲ. ತಲೆನೋವಿಗೆ, ಸುಟ್ಟ ಗಾಯಕ್ಕೆ, ಕಿರುಗುಟ್ಟುವ ಬಾಗಿಲಿಗೆ, ಅಳುವ ಕೂಸಿಗೆ ಒಂದೇ ಔಷಧಿ. ಮಾರನೆಯ ದಿನ ನೋಡಿದರೆ ನನ್ನ ವಾಲ್ವುಗಳೂ ವಿಭೂತಿ ಬಳಿದುಕೊಂಡು, ತಲೆಗೊಂದು ಸೇವಂತಿಗೆ ಹೂವಿಟ್ಟುಕೊಂಡು ತಟ್ಟೆಯಲ್ಲಿ ಕೂತಿದ್ದವು. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ವಿಭೂತಿ ಒರೆಸಿ ಕೂರಿಸಿದೆ. ಕಾರು ಚೆನ್ನಾಗಿಯೇ ಓಡಿತು, ಸ್ಟಿಕ್ಕರೂ ಸಿಕ್ಕಿತು. ಅವು ಇನ್ನೂ ಬೆಚ್ಚಗಿನ ದಿನಗಳು.

ದೀಪಾವಳಿ ಕಳೆದು ಚಳಿ ಇಳಿಯಿತು. ಅರಸೀಕೆರೆಯ ಬಯಲಿಗೆ ಬರುವ ಚಳಿಗೆ ಮಾನ ಮರ್ಯಾದೆ ಇರುವುದಿಲ್ಲ, ನೇರವಾಗಿ ಮೂಳೆಗೇ ಕೈಹಾಕುತ್ತದೆ. ಒಂದು ಬೆಳಗಿನ ಜಾವ ಕಾರು ಎರಡು ಸಲ ನಿಂತು ಹೊರಟಿತು. ಚಳಿ ತಾನೇ ಎಂದುಕೊಂಡೆ. ಮುಂದಿನ ಸಲ ಐದಾರು ಸಲ ನಿಂತಿತು. ಹಾಸನ ತಲುಪುವಾಗ ತಡವಾಗಿ, ನರ್ಸಮ್ಮನ ಕೈಹಿಡಿದು ಬೇಡಿಕೊಳ್ಳುವಷ್ಟಾಯಿತು. ವಾಲ್ವಿಗೆ ಮತ್ತೆ ಮಸಿ ಕಟ್ಟಿರಬೇಕೆಂದು ಒಂದು ರಜೆಯ ದಿನ ಬಿಚ್ಚಿ ತೊಳೆದೆ. ಸಂಜೆ ಕೂರಿಸುವಾಗ ಅಲ್ಲಾಡಿಸಿ ನೋಡಿದೆ: ಟಕಟಕ. ಸರಿಯಾಗಿಯೇ ಇತ್ತು.

ಅದರ ಮುಂದಿನ ಸಲವೇ ರೈಲ್ವೆ ಗೇಟಿನಲ್ಲಿ ನಡೆದದ್ದು. ಇನ್ನೂ ಕತ್ತಲು ಕತ್ತಲು. ಒಂದು ಗೂಡ್ಸ್ ಗಾಡಿ ಹೋಗಿ ಗೇಟು ತೆರೆದಿತ್ತು. ಮುಂದೆ ಒಬ್ಬ ಹಾಲಿನವನು ಕ್ಯಾನು ನೇತುಹಾಕಿದ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ಅವನಿಗಾಗಿ ನಿಧಾನ ಮಾಡಿದೆ, ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಹಳಿಗಳ ಮೇಲೇ ಎಂಜಿನ್ ನಿಂತುಹೋಯಿತು. ಕೀಲಿ ತಿರುಗಿಸಿದೆ. ಗರಗರ ಎಂದಿತು, ಹತ್ತಿತು, ಸತ್ತಿತು. ಮತ್ತೆ ತಿರುಗಿಸಿದೆ. ಬರಬರುತ್ತ ಗರಗರ ಸದ್ದೂ ಸಣ್ಣದಾಯಿತು. ಗೇಟಿನವನು ಹಸಿರು ದೀಪ ಕೆಳಗಿಟ್ಟು ಕೂಗುತ್ತ ಓಡಿಬಂದ.

‘ತಳ್ರೀ! ಇಳ್ದು ತಳ್ರೀ! ಆ ಕಡೆಯಿಂದ ಗಾಡಿ ಬಿಟ್ಟವ್ರೆ!’

ಅಪ್ಪ ಪಂಚೆ ಎತ್ತಿ ಕಟ್ಟಿ ಇಳಿದರು. ಹಾಲಿನವನು ಸೈಕಲ್ ಅಲ್ಲೇ ಬೀಳಿಸಿ ಓಡಿಬಂದ. ನಾನು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಹೆಗಲು ಕೊಟ್ಟು ತಳ್ಳುತ್ತ, ‘ಅವ್ವಾ, ಇಳಿ, ಇಳಿ’ ಎಂದು ಕಿರುಚಿದೆ. ಅವ್ವ ಇಳಿಯಲಿಲ್ಲ. ಇಳಿಯಲು ಅವಳ ಕಾಲಿನಲ್ಲಿ ಶಕ್ತಿ ಇರಲಿಲ್ಲವೋ ಏನೋ, ಶಾಲು ಹೊದ್ದು ಎದುರಿಗೆ ನೋಡುತ್ತ ಕೂತೇ ಇದ್ದಳು. ಮುಂದಿನ ಚಕ್ರ ಹಳಿಯ ಪಕ್ಕದ ಸಂದಿಗೆ ಸಿಕ್ಕಿ, ಹಿಂದೆ ಸರಿದು, ಮತ್ತೆ ಹತ್ತಿತು. ಆಚೆ ದಾಟಿ ರಸ್ತೆಯ ಪಕ್ಕಕ್ಕೆ ತಂದ ಮೇಲೆ ನಾನು ಅಲ್ಲೇ ಜಲ್ಲಿಯ ಮೇಲೆ ಕೂತುಬಿಟ್ಟೆ. ಸ್ವಲ್ಪ ಹೊತ್ತಿಗೆ ರೈಲು ಬಂದು ಹೋಯಿತು. ಅದರ ಗಾಳಿ ಮುಖಕ್ಕೆ ಬಡಿದದ್ದು ನೆನಪಿದೆ. ಬ್ಯಾಟರಿ ಸತ್ತಿತ್ತು. ಅವತ್ತು ಆಸ್ಪತ್ರೆ ತಪ್ಪಿಹೋಯಿತು.

ಮನೆಗೆ ಬಂದ ಮೇಲೆ ಅವ್ವ ಹೇಳಿದಳು, ‘ಇನ್ ಮ್ಯಾಲೆ ನಾನು ಆ ಕಾರ್ ಹತ್ತಾಕಿಲ್ಲ. ನನ್ ಒಬ್ಬಳಿಗೋಸ್ಕರ ಮೂರು ಜನ ರೈಲಿಗೆ ತಲೆ ಕೊಡೋದ್ ಬ್ಯಾಡ. ಆದಂಗಾಯ್ತದೆ ಬಿಡು.’

‘ಆದಂಗೆ ಆಗಕ್ಕೆ ನಾನ್ ಬಿಡಲ್ಲ’ ಎಂದೆ. ಮುಂದಿನ ಸರದಿಗೆ ಇನ್ನು ನಾಲ್ಕೇ ದಿನ. ಅಷ್ಟರೊಳಗೆ ಆ ಕಾರನ್ನು ಸರಿಮಾಡಬೇಕು. ಇಲ್ಲದಿದ್ದರೆ ಸಾಲಾಗಿ ಎರಡು ಸಲ ತಪ್ಪುತ್ತದೆ. ಅದರ ಮುಂದಿನದನ್ನು ಯೋಚಿಸಲು ನನಗೆ ಧೈರ್ಯವಿರಲಿಲ್ಲ.

ಬೇರೆ ಬ್ಯಾಟರಿ ಹಾಕಿಸಿ, ಮಾರನೆಯ ದಿನ ಶಾಲೆಗೆ ಕಾರಿನಲ್ಲೇ ಹೋದೆ. ಬೇಲೂರಿನಲ್ಲಿ ಬಸ್‌ಸ್ಟ್ಯಾಂಡಿನ ಆಚೆ ಒಬ್ಬ ಮೆಕ್ಯಾನಿಕ್ ಇದ್ದ. ಆ ಜಾತಿಯ ಎಂಜಿನ್ನನ್ನು ಕಣ್ಣು ಮುಚ್ಚಿ ಬಿಚ್ಚುತ್ತೇನೆ ಎಂದು ಕೊಚ್ಚಿಕೊಳ್ಳುವ ಆಸಾಮಿ. ಮಧ್ಯಾಹ್ನದ ಬಿಡುವಿನಲ್ಲಿ ಅವನ ಮುಂದೆ ನಿಲ್ಲಿಸಿದೆ. ಅವನು ಸ್ಕ್ರೂಡ್ರೈವರಿನ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ಡಾಕ್ಟರ ಗತ್ತಿನಲ್ಲಿ ಆಲಿಸಿದ. ವಾಲ್ವು ಕಿತ್ತು ಅಲ್ಲಾಡಿಸಿದ, ಟಕಟಕ ಎಂದಿತು. ಎಂಜಿನ್ ಓಡುತ್ತಿರುವಾಗ ಅದರ ಬಾಯಿಗೆ ಬೆರಳಿಟ್ಟು, ಎಳೆತ ಸರಿಯಾಗಿದೆ ಎಂದ.

‘ಗಾಡಿ ಗಡಿಯಾರ ಇದ್ದಂಗೈತೆ ಮೇಡಂ. ಏನೂ ಆಗಿಲ್ಲ.’

‘ಬೆಳಿಗ್ಗೆ ನಿಂತುಹೋಗುತ್ತಲ್ಲ?’

‘ಅದು ಕ್ಲಚ್ ಮೇಲೆ ನೀವು ಕಾಲಿಡೋದ್ರದ್ದು. ಲೇಡೀಸ್‌ದು ಇದೊಂದೇ ಕಂಪ್ಲೇಂಟು.’

ನನ್ನ ಮೈಯೆಲ್ಲ ಉರಿದುಹೋಯಿತು. ‘ಬೆಳಿಗ್ಗೆ ಐದೂವರೆಗೆ ಅರಸೀಕೆರೆಗೆ ಬಂದು ನೀವೇ ಸ್ಟಾರ್ಟ್ ಮಾಡಿ ತೋರಿಸಿ’ ಎಂದೆ.

‘ಐದೂವರೆಗೆ ನಾನೇ ಸ್ಟಾರ್ಟ್ ಆಗಲ್ಲ ಬಿಡಿ ಮೇಡಂ’ ಎಂದು ತನ್ನ ಮಾತಿಗೆ ತಾನೇ ನಕ್ಕ. ಅವನ ಮೇಲೆ ಸ್ಪ್ಯಾನರ್ ಎಸೆಯದೆ ಬಂದದ್ದು ನನ್ನ ಜೀವಮಾನದ ಸಾಧನೆಗಳಲ್ಲಿ ಒಂದು.

ಸಂಜೆ ವಾಪಸು ಬರುವಾಗ ಹಳೇಬೀಡಿನಲ್ಲಿ ಟೀ ಕುಡಿಯಲು ನಿಲ್ಲಿಸಿದೆ. ಎಂಜಿನ್ ಆರಿಸದೆ ಹಾಗೇ ಬಿಟ್ಟು ನೋಡಿದೆ. ದೇವಸ್ಥಾನ ನೋಡಲು ಬಂದ ಶಾಲಾಮಕ್ಕಳ ಬಸ್ಸುಗಳು, ಕಡ್ಲೆಕಾಯಿ ಗಾಡಿ, ಗದ್ದಲ. ಅದರ ನಡುವೆ ನನ್ನ ಕಾರು ಒಂದಿಷ್ಟೂ ಏರುಪೇರಿಲ್ಲದೆ ನಿಂತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದೆ, ಹಾಕಿದೆ, ತೆಗೆದೆ. ಏನೂ ಆಗಲಿಲ್ಲ. ನಿಂತುಹೋಗು, ಈಗಲಾದರೂ ಒಂದು ಸಲ ನಿಂತು ತೋರಿಸು ಎಂದು ಬೈಯುತ್ತ ಕೂತೆ. ಅದು ನಿಲ್ಲಲಿಲ್ಲ. ನಾನು ಅತ್ತುಬಿಟ್ಟೆ. ಟೀ ತಂದವನು ಲೋಟ ಕೊಡದೆ ಸ್ವಲ್ಪ ಹೊತ್ತು ದೂರವೇ ನಿಂತಿದ್ದ.

ಮುಂದಿನ ಸರದಿ ಸೋಮವಾರ. ಭಾನುವಾರ ಮಧ್ಯಾಹ್ನ ಎರಡೂ ವಾಲ್ವುಗಳನ್ನು ಮತ್ತೊಮ್ಮೆ ಬಿಚ್ಚಿದೆ. ಇನ್ನೇನು ಮಾಡಬೇಕೆಂದು ಗೊತ್ತಿಲ್ಲದೆ ಮಾಡಿದ ಕೆಲಸ. ಪಾತ್ರೆ ಉಜ್ಜುವ ಹಾಗೆ ಉಜ್ಜಿದೆ, ಮೂರು ಸಲ ಪೆಟ್ರೋಲು ಬದಲಿಸಿದೆ, ಬಿಸಿಲಿಗಿಟ್ಟೆ. ಸಂಜೆ ಕೂರಿಸುವಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಟಕಟಕ. ಅವ್ವನ ಎದುರಿಗೂ ಅಲ್ಲಾಡಿಸಿ ತೋರಿಸಿದೆ. ‘ಕೇಳಿಸ್ತಾ? ಈಗ ಸರಿಹೋಗಿದೆ. ನಾಳೆ ಒಂದು ಸಲ ಹತ್ತು, ನಿಂತುಹೋದರೆ ಆಮೇಲೆ ನಾನು ಕೇಳಲ್ಲ’ ಎಂದೆ. ಅವ್ವ ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು. ‘ಆಗ್ಲಿ’ ಎಂದಳು. ಅವಳ ಮುಖ ಊದಿ ಕಣ್ಣು ಸಣ್ಣದಾಗಿತ್ತು. ಮಾತಿನ ನಡುವೆ ನಿಲ್ಲಿಸಿ ನಿಲ್ಲಿಸಿ ಉಸಿರೆಳೆಯುತ್ತಿದ್ದಳು.

ಸೋಮವಾರ ಎಂಥ ಚಳಿ ಅಂತೀರಿ, ಬಾಗಿಲ ಚಿಲಕ ಮುಟ್ಟಿದರೆ ಕೈ ಹಿಂದೆ ಎಳೆದುಕೊಳ್ಳಬೇಕು. ಅಪ್ಪ ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕಾಲಿನ ಮೇಲೆ ಕಂಬಳಿ ಹೊದಿಸಿದರು. ಕೀಲಿ ತಿರುಗಿಸಿದೆ. ಹತ್ತಿತು. ಕಾಲು ತೆಗೆದೆ. ಕೆಮ್ಮಿತು, ಕರಿ ಹೊಗೆ ಬಿಟ್ಟಿತು, ಸತ್ತಿತು. ಮತ್ತೆ. ಮತ್ತೆ. ಅಪ್ಪ ‘ಓಂ ನಮಃ ಶಿವಾಯ’ ಎಂದು ಗುಣುಗುಟ್ಟುತ್ತಿದ್ದದ್ದು ಕೇಳಿಸುತ್ತಿತ್ತು. ಅವ್ವ ಬಾಗಿಲು ತೆರೆದು, ಕಂಬಳಿ ಪಕ್ಕಕ್ಕಿಟ್ಟು, ಗೋಡೆ ಹಿಡಿದುಕೊಂಡು ನಿಧಾನವಾಗಿ ಮನೆಯೊಳಗೆ ಹೋದಳು.

ನನಗೆ ತಲೆ ಕೆಟ್ಟುಹೋಯಿತು. ಬಾನೆಟ್ ಎತ್ತಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಆ ಹೆಬ್ಬೆರಳು ಗಾತ್ರದ ವಾಲ್ವನ್ನು ಕಿತ್ತು ಹೊರಗೆಳೆದೆ. ತಿಪ್ಪೆಗೆ ಎಸೆಯುವುದು ಎಂದೇ ಕಿತ್ತದ್ದು. ಅಭ್ಯಾಸಬಲದಿಂದ ಒಂದು ಸಲ ಅಲ್ಲಾಡಿಸಿದೆ. ಸದ್ದಿಲ್ಲ.

ಮತ್ತೆ ಅಲ್ಲಾಡಿಸಿದೆ. ಕಲ್ಲಿನ ಹಾಗೆ ಸುಮ್ಮನಿತ್ತು. ಸಂಜೆ ಮಾತಾಡಿದ್ದು ಬೆಳಿಗ್ಗೆ ಮೂಕವಾಗಿತ್ತು. ಅದುವರೆಗೆ ನಾನು ಯಾವಾಗಲೂ ಅದನ್ನು ಹಗಲಿನಲ್ಲಿ, ಬಿಸಿಲಿನಲ್ಲಿ, ಬಿಸಿ ಎಂಜಿನ್ನಿನಲ್ಲೇ ಪರೀಕ್ಷಿಸಿದ್ದೆ. ಕೆಟ್ಟಿರುವ ಹೊತ್ತಿನಲ್ಲಿ ಒಂದು ಸಲವೂ ಬಿಚ್ಚಿರಲಿಲ್ಲ. ತಲೆಯಿಂದ ಹೇರ್‌ಪಿನ್ ತೆಗೆದು ಅದರ ಬಾಯೊಳಗೆ ಕೆರೆದೆ. ಬೆಳ್ಳಗಿನದೇನೋ ಅಂಟಿಕೊಂಡು ಬಂತು. ಅಂಗೈಗೆ ಹಚ್ಚಿಕೊಂಡೆ. ಅಂಗೈಯ ಬಿಸಿಗೆ ಅದು ಮೆಲ್ಲಗೆ ಕರಗಿ ನೀರಾಯಿತು. ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲಿಲ್ಲ, ಮಸಿಯಿಲ್ಲ, ನಮ್ಮ ಮನೆಯ ವಾಸನೆ. ಹುಟ್ಟಿದಾಗಿನಿಂದ ನನ್ನ ತಲೆಯಲ್ಲಿದ್ದ ವಾಸನೆ.

‘ಅಪ್ಪಾ’ ಎಂದೆ, ‘ಇದಕ್ಕೆ ಎಣ್ಣೆ ಬಿಟ್ರಾ?’

‘ಬಿಟ್ಟೆ. ಯಾಕೆ?’

‘ಯಾವಾಗ?’

‘ನೀನು ತೊಳ್ದು ಒಣಗಿಸ್ದಾಗೆಲ್ಲ ಬಿಟ್ಟಿದೀನಿ. ಒಣ ಕಬ್ಬಿಣನ ಹಂಗೇ ಬಿಟ್ರೆ ತುಕ್ ಹಿಡಿಯಲ್ವೇನೆ? ನಾಕೇ ನಾಕ್ ತೊಟ್ಟು.’

ನಾನು ತೊಳೆದಷ್ಟೂ ಅಪ್ಪ ಎಣ್ಣೆ ಬಿಟ್ಟಿದ್ದರು. ಅಪ್ಪ ಬಿಟ್ಟಷ್ಟೂ ಚಳಿಗೆ ಅದು ಬೆಣ್ಣೆಯ ಹಾಗೆ ಹೆಪ್ಪುಗಟ್ಟಿ ಒಳಗಿನ ಕಡ್ಡಿಯನ್ನು ಹಿಡಿದುಕೊಂಡಿತ್ತು. ಕಾರು ನಿಂತಷ್ಟೂ ನಾನು ಇನ್ನಷ್ಟು ತೊಳೆದಿದ್ದೆ. ಒಂದು ಗಂಟೆ ಓಡಿ ಎಂಜಿನ್ ಕಾದರೆ ಎಣ್ಣೆ ಕರಗಿ ಎಲ್ಲವೂ ಸರಿ. ಬೇಲೂರು ಮುಟ್ಟುವ ಹೊತ್ತಿಗೆ ದೋಷವೇ ಮಾಯ. ನನಗೆ ನಗು ಬಂತೋ ಸಿಟ್ಟು ಬಂತೋ ತಿಳಿಯದೆ, ಬಾಯಿಗೆ ಬಂದದ್ದನ್ನು ಕೂಗಿದೆ. ಅಪ್ಪ ನನ್ನ ಅಂಗೈಯನ್ನೇ ನೋಡುತ್ತಿದ್ದರು. ‘ಹಂಗಾರೆ ನಾನೇ ಕೈಯಾರೆ ಅವಳ್ನ...’ ಎಂದು ಶುರುಮಾಡಿ ಕಟ್ಟೆಯ ಮೇಲೆ ಕೂತರು. ಆ ಮುಖ ನೋಡಿದ ಮೇಲೆ ಕೂಗುವುದನ್ನು ಬಿಟ್ಟೆ.

ಹೊತ್ತಿರಲಿಲ್ಲ. ಓಡಿ ಹೋಗಿ ಹಂಡೆಯಿಂದ ಕುದಿಯುವ ನೀರು ತಂದು ವಾಲ್ವನ್ನು ಅದರಲ್ಲಿ ಮುಳುಗಿಸಿದೆ. ಮೇಲೆ ಎಣ್ಣೆಯ ಕಣ್ಣುಗಳು ತೇಲಿಬಂದವು. ಪೆಟ್ರೋಲಿನಲ್ಲಿ ಅದ್ದಿ, ಕೊಡವಿ, ಊದಿ, ಸೆರಗಿನಲ್ಲಿ ಒರೆಸಿ ಕಿವಿಗೆ ಹಿಡಿದೆ. ಟಕಟಕ. ರಬ್ಬರಿನ ತೂತಿಗೆ ಒತ್ತಿ ಕೂರಿಸಿ ಕೀಲಿ ತಿರುಗಿಸಿದೆ. ಹತ್ತಿತು. ಕಾಲು ತೆಗೆದೆ. ನಿಲ್ಲಲಿಲ್ಲ. ಕೊರೆಯುವ ಆ ಚಳಿಯಲ್ಲಿ, ಒಂದೇ ಸಮನೆ, ಹಳೇಬೀಡಿನಲ್ಲಿ ಓಡಿದ ಹಾಗೇ ಓಡುತ್ತಿತ್ತು. ಈಗ ಹೊರಟರೆ ನರ್ಸಮ್ಮನನ್ನು ಬೇಡಿಕೊಂಡಾದರೂ ಯಂತ್ರ ಸಿಗುತ್ತದೆ ಎಂದು ಮನಸ್ಸು ಹಾರಿತು. ಒಳಗೆ ಓಡಿದೆ.

ಅವ್ವ ಅಡುಗೆಮನೆಯಲ್ಲಿ ಒಲೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದಳು.

‘ಸರಿಹೋಯ್ತು, ಏಳು! ಏನಾಗಿತ್ತು ಗೊತ್ತಾ? ಅಪ್ಪ ಅದಕ್ಕೆ...’

‘ಎಣ್ಣೆ ಬಿಟ್ಟಿದ್ರು’ ಎಂದಳು ಅವ್ವ.

ನಾನು ನಿಂತಲ್ಲೇ ನಿಂತೆ.

‘ಗೇಟಲ್ಲಿ ನಿಂತಾಗ ನಂಗೂ ತಿಳೀಲಿಲ್ಲ. ನೆನ್ನೆ ನಿಮ್ಮಪ್ಪ ಜಗಲೀಲಿ ಕೂತು ಬಿಡ್ತಿದ್ರಲ್ಲ, ಆವಾಗ ಹೊಳೀತು. ಚಳೀಲಿ ಎಣ್ಣೆ ಗಟ್ಟಿ ಆಯ್ತದೆ ಅಂತ ನಂಗ್ ಯಾರಾದ್ರೂ ಹೇಳ್ಕೊಡ್ಬೇಕಾ? ದಿನಾ ಒಲೆ ಪಕ್ಕ ಇಟ್ಟು ಕರಗಿಸೋಳು ನಾನು.’

‘ಗೊತ್ತಿದ್ದೂ ಹೇಳ್ಲಿಲ್ವಾ? ಸಂಜೆ ನಿನ್ನ ಮುಂದೇನೇ ಅಲ್ಲಾಡಿಸಿದೆನಲ್ಲ, ಆಗ ಬಾಯಿಗೇನಾಗಿತ್ತು? ಸಾಯ್ಬೇಕು ಅಂತ ಇದೀಯಾ?’ ನನ್ನ ದನಿ ಬೀದಿಗೆ ಕೇಳಿಸಿರಬೇಕು.

ಅವ್ವನಿಗೆ ಉತ್ತರ ಕೊಡಲು ಎರಡು ಸಲ ಉಸಿರೆಳೆದುಕೊಳ್ಳಬೇಕಾಯಿತು. ‘ಸಾಯಕ್ಕಲ್ಲ ಕಣವ್ವ. ಒಂದಿನ ರಜ ಬೇಕಾಗಿತ್ತು. ಬೆಳಗಾದ್ರೆ ಎಬ್ಬಿಸ್ತೀರಿ, ಹೊರಡುಸ್ತೀರಿ, ಆ ಸೂಜಿ ಚುಚ್ಚುಸ್ತೀರಿ. ಬತ್ತೀಯಾ ಅಂತ ಯಾರೂ ಕೇಳ್ಲಿಲ್ಲ. ನಾನ್ ಬ್ಯಾಡ ಅಂದ್ರೆ ನೀನು ಅಳ್ತೀಯ, ಅವ್ರು ಊಟ ಬಿಡ್ತಾರೆ. ಕಾರೇ ಬ್ಯಾಡ ಅಂದ್ರೆ ಯಾರ ಮ್ಯಾಲೂ ತಪ್ಪಿಲ್ಲ.’

ಹೊರಗೆ ಎಂಜಿನ್ ಓಡುತ್ತಲೇ ಇತ್ತು. ನನಗೆ ಆ ಕ್ಷಣ ಅವ್ವನ ಮೇಲೆ ಬಂದಷ್ಟು ಕೋಪ ಆ ಕಾರಿನ ಮೇಲಾಗಲಿ, ಮೆಕ್ಯಾನಿಕ್‌ನ ಮೇಲಾಗಲಿ ಬಂದಿರಲಿಲ್ಲ. ಕೋಪದ ಕೆಳಗೆ ಭಯ ಇತ್ತು. ಅವಳ ಎದುರಿಗೆ ನೆಲದ ಮೇಲೆ ಕೂತೆ. ಕೈ ಎಣ್ಣೆ, ಪೆಟ್ರೋಲು. ‘ಬತ್ತೀಯಾ ಅವ್ವ?’ ಎಂದೆ. ಶಾಲೆಯಲ್ಲಿ ಕಲಿತ ನನ್ನ ಶುದ್ಧ ಮಾತು ಎಲ್ಲಿಗೋ ಹೋಗಿತ್ತು.

ಅವ್ವ ತನ್ನ ಸೆರಗಿನಲ್ಲಿ ನನ್ನ ಕೈ ಒರೆಸಿದಳು. ಆಮೇಲೆ ನನ್ನ ಭುಜ ಹಿಡಿದು ಎದ್ದಳು. ‘ಬತ್ತೀನಿ, ನಡಿ’ ಎಂದಳು. ಅವತ್ತು ಯಂತ್ರ ಸಿಕ್ಕಿತು. ಸಂಜೆ ಹೊತ್ತಿಗೆ ಅವಳು ಚಪ್ಪಟೆಯಾಗಿ ಮಲಗಿ ನಿದ್ದೆ ಮಾಡಿದಳು.

ಅಂದಿನಿಂದ ವಾಲ್ವು ತೊಳೆಯುವುದು ನನ್ನದೇ, ಒಣಗಿಸುವುದೂ ನನ್ನದೇ. ಅಪ್ಪ ಅದರ ಹತ್ತಿರ ಸುಳಿಯಲಿಲ್ಲ. ಚಳಿಗಾಲದಲ್ಲಿ ಬೆಳಗಿನ ಜಾವವೇ ಕಿತ್ತು ಅಲ್ಲಾಡಿಸಿ ನೋಡಿ, ಕಾರು ಶುರುಮಾಡಿ, ಎಂಜಿನ್ ಓಡಲು ಬಿಟ್ಟು ಒಳಗೆ ಬಂದು ಪ್ರತಿ ಸಲವೂ ಅದೇ ಮಾತು ಕೇಳುತ್ತಿದ್ದೆ. ‘ಬತ್ತೀಯಾ?’ ಸುಮ್ಮನೆ ಬಾಯಿಮಾತಿಗೆ ಕೇಳುತ್ತಿರಲಿಲ್ಲ. ಕೇಳಿ ನಿಲ್ಲುತ್ತಿದ್ದೆ, ಅವಳು ಹೇಳುವವರೆಗೆ ಚೀಲ ಎತ್ತುತ್ತಿರಲಿಲ್ಲ. ಅವ್ವ ಕೆಲವು ಸಲ ಬೇಕೆಂದೇ ಕಾಯಿಸುವಳು, ನನ್ನ ಮುಖ ನೋಡಿ ನಗುವಳು, ‘ಬತ್ತೀನಿ ನಡಿ, ಪೆಟ್ರೋಲ್ ಉರೀತೈತೆ’ ಎನ್ನುವಳು. ಡಾಕ್ಟರನ್ನು ಕೇಳಿ ಒಂದೊಂದು ಸಲ ಸರದಿಯನ್ನು ಒಂದು ದಿನ ಮುಂದಕ್ಕೆ ಹಾಕಿಸಿಕೊಳ್ಳುತ್ತಿದ್ದೆವು. ಆ ದಿನ ಬೇಲೂರಿನ ಕಡೆಗೆ ಸುಮ್ಮನೆ ಒಂದು ಸುತ್ತು ಹೋಗಿ ಬರುತ್ತಿದ್ದೆವು. ಯಗಚಿಯ ದಡದಲ್ಲಿ ಕಾರು ನಿಲ್ಲಿಸಿದರೆ ಅವಳು ಇಳಿಯದೆ, ಕಿಟಕಿಯಿಂದಲೇ ನೀರು ನೋಡುತ್ತ ಕೂರುವಳು.

ಹೀಗೆ ಇನ್ನೆರಡು ಚಳಿಗಾಲ ಕಳೆದವು. ಮೂರನೆಯದರ ಶುರುವಿನಲ್ಲಿ ಅವಳ ಕೈಯಲ್ಲಿ ಸೂಜಿ ಚುಚ್ಚಲು ಜಾಗ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ಎಂದಿನಂತೆ ಕಾರು ಶುರುಮಾಡಿ ಬಂದು ಕೇಳಿದೆ. ಅಪ್ಪ ಚೀಲ ಮತ್ತು ಕಂಬಳಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

‘ಇಲ್ಲ ಕಣವ್ವ’ ಎಂದಳು. ‘ಇನ್ ಬರಾಕಿಲ್ಲ.’

ಕಾಯಿಸಲು ಹೇಳಿದ್ದಲ್ಲ, ನಗಲಿಲ್ಲ. ನಾನು ಅಪ್ಪನನ್ನು ನೋಡಿದೆ. ಅಪ್ಪ ಚೀಲವನ್ನು ಬೆಂಚಿನ ಮೇಲಿಟ್ಟು, ಕಂಬಳಿಯನ್ನು ಮಡಿಸಲು ಶುರುಮಾಡಿದರು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದರು. ಹೊರಗೆ ಎಂಜಿನ್ ಒಂದು ತಪ್ಪೂ ಇಲ್ಲದೆ ಓಡುತ್ತಿತ್ತು. ನಿಂತುಹೋಗಲಿ ಎಂದು ಕಾದೆ. ನಿಲ್ಲಲಿಲ್ಲ. ಆ ಕೆಲಸವನ್ನು ನಾನೇ ಮಾಡಬೇಕಾಗಿತ್ತು. ಹೊರಗೆ ಹೋಗಿ ಕೀಲಿ ತಿರುಗಿಸಿ ಆರಿಸಿದೆ.

ಒಳಗೆ ಬಂದಾಗ ಅವ್ವ, ‘ಒಂದ್ ಲೋಟ ಕಾಫಿ ಕೊಡು. ತುಂಬಾ ಹಾಕು’ ಎಂದಳು. ಕಿಡ್ನಿ ಕೆಟ್ಟಾಗಿನಿಂದ ಅವಳಿಗೆ ನೀರು, ಕಾಫಿ, ಸಾರು ಏನೇ ಆದರೂ ಸಣ್ಣ ಬಟ್ಟಲಲ್ಲಿ ಅಳೆದು ಕೊಡುತ್ತಿದ್ದವಳು ನಾನೇ. ಮನೆಯಲ್ಲಿದ್ದ ದೊಡ್ಡ ಲೋಟ ತೆಗೆದು ಅಂಚಿನವರೆಗೆ ಸುರಿದೆ. ಅವಳು ಸೆರಗಿನಲ್ಲಿ ಲೋಟ ಹಿಡಿದು, ಊದಿ ಊದಿ, ಎಲ್ಲವನ್ನೂ ಕುಡಿದಳು.